ಮೊದಲು ಎಡಗಾಲು

ಜೋಳದ ಸಾರಾಯಿಯಲ್ಲಿ ಕುಸುಬೆ ಹೂವನ್ನೂ ಕರ್ಪೂರವನ್ನೂ ತಿಂಗಳುಗಟ್ಟಲೆ ನೆನೆಹಾಕಿದರೆ ಒಂದು ವಾಸನೆ ಹುಟ್ಟುತ್ತದೆ. ಉಳುಕಿಗೆ, ಒಳಪೆಟ್ಟಿಗೆ ತಿಕ್ಕುವ ಔಷಧಿ ಅದು. ರುಯಿಂಗ್‌ಗೆ ಬಾಲ್ಯ ಎಂದರೆ ಆ ವಾಸನೆ. ಅಪ್ಪ ಅಂಗಳದಲ್ಲಿ ಶಿಷ್ಯರ ಮೊಣಕಾಲಿಗೆ ಅದನ್ನು ತಿಕ್ಕತೊಡಗಿದರೆ, ಒಲೆಯ ಮೇಲೆ ಬೇಯುತ್ತಿದ್ದ ಎಲೆಕೋಸಿನ ವಾಸನೆಯೂ ಅದರೊಳಗೆ ಮುಳುಗಿಹೋಗುತ್ತಿತ್ತು. ಈಗ ನಲವತ್ತೊಂದರ ವಯಸ್ಸಿನಲ್ಲಿ, ಚೀನಾದ ತ್ಸಾಂಗ್‌ಝೌ ಊರಿನ ಕಾಲುವೆ ದಂಡೆಯ ಈ ಪುಟ್ಟ ರೊಟ್ಟಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದವಳಿಗೆ, ಪರದೆಯ ಮೇಲೆ ಒಬ್ಬ ಮುದುಕ ನಡೆದು ಬಂದು ಅಂಗಳದ ನಡುವೆ ನಿಂತಾಗ, ಅದೇ ವಾಸನೆ ಮೂಗಿಗೆ ಬಡಿದಂತಾಯಿತು.

"ಅಣ್ಣಾ, ಕೈ ಒರೆಸ್ಕೊಂಡು ಬಾ. ಬಂದ್ರು."

"ಯಾರು ಬಂದ್ರು?" ಒಲೆಯ ಹತ್ತಿರದಿಂದ ಗೆಂಗ್ ಕೇಳಿದ.

"ನಿನ್ನ ಗುರುಗಳು."

ಗೆಂಗ್ ಅಂಗಡಿಯ ಬಾಗಿಲು ಅರ್ಧ ಎಳೆದು, ಬೆಳಗಿನ ಗಿರಾಕಿಗಳು ಬಿಟ್ಟುಹೋದ ಬಟ್ಟಲುಗಳನ್ನು ಹಾಗೆಯೇ ಬಿಟ್ಟು ಬಂದ. ಅರವತ್ತು ದಾಟಿದ ಆಳು, ಕುಂಟು ಬಲಗಾಲು. ಕಾಳಗದ ವಿದ್ಯೆ ಕಲಿಸುತ್ತಿದ್ದ ರುಯಿಂಗ್‌ಳ ಅಪ್ಪ ತಾವ್ ಗುರುಗಳ ಮೊದಲ ಶಿಷ್ಯ, ಅವರ ಕಡೆಗಾಲದಲ್ಲಿ ದಿನಾ ಶುಂಠಿ ಗಂಜಿ ಹೊತ್ತು ತಂದವನು. ಕೂರುವ ಮುಂಚೆ ಅವಳ ಕುರ್ಚಿಯನ್ನು ಬಾಗಿಲ ಗಾಳಿಯಿಂದ ಸ್ವಲ್ಪ ಒಳಕ್ಕೆ ಸರಿಸಿದ.

"ಇವನ್ಯಾವನು ಮರದ ಹಿಂದೆ ಅವಿತುಕೊಂಡಿರೋದು?"

"ಅದು ನಾನು. ಆಟದ ನಾಯಕ. ಹೀಗೆ ಕದ್ದು ನೋಡಿ ನೋಡಿ ವಿದ್ಯೆ ಕಲೀಬೇಕು."

"ಒಳ್ಳೆ ಕಳ್ಳ. ಆ ಕುದುರೆ ಯಾಕೆ ಗೋಡೆ ಒಳಗೆ ಅರ್ಧ ಹೋಗಿದೆ?"

"ಅದು ತಪ್ಪು. ವಿಮರ್ಶೇಲಿ ಬರ್ದಿದೀನಿ."

ಅವಳು ಒಂದು ಅಂತರ್ಜಾಲ ಪತ್ರಿಕೆಗೆ ವಿಡಿಯೊ ಆಟಗಳ ವಿಮರ್ಶೆ ಬರೆಯುವವಳು. ಈ ಆಟವನ್ನು ಹನ್ನೊಂದು ದಿನ ಆಡಿದ್ದಳು. ಬೆಟ್ಟ, ಕಾಲುವೆ, ಊರು, ಹೆಂಡದಂಗಡಿ, ಎಲ್ಲಿ ಬೇಕಾದರೂ ಅಲೆಯಬಹುದಾದ ಲೋಕ. ಸೂರಿನಿಂದ ಸೂರಿಗೆ ಹಾರುವ ಕತ್ತಿಯಾಳುಗಳು. ಕಳೆದುಹೋದ ಕೋಳಿಗಳನ್ನು ಹುಡುಕಿಕೊಡುವ ಕೆಲಸ ಅತಿಯಾಯಿತೆಂದು ಬರೆದಿದ್ದಳು. ಗೋಧಿ ಹೊಲಕ್ಕೆ ಗಾಳಿ ಬೀಸಿದಾಗ ತೆನೆಗಳೆಲ್ಲ ಒಟ್ಟಿಗೆ ಬಾಗದೆ ಒಂದರ ಹಿಂದೊಂದು ಬಾಗುತ್ತವೆ, ಹೆಸರು ಹಾಕಿಸಿಕೊಳ್ಳದ ಯಾರೋ ತಿಂಗಳುಗಟ್ಟಲೆ ಕೂತು ಅದನ್ನು ಮಾಡಿದ್ದಾರೆ ಎಂದೂ ಬರೆದಿದ್ದಳು. ಕೊನೆಯಲ್ಲಿ ಹೀಗಿತ್ತು: "ಈ ಆಟದ ವೃದ್ಧ ಗುರುವಿನ ಚಲನೆಗಳು ನನ್ನ ತಂದೆಯವು. ಮಗಳಾಗಿ ಹೇಳುತ್ತೇನೆ, ಮೂವತ್ತಾರು ಹೆಜ್ಜೆಗಳಲ್ಲಿ ಒಂದೂ ತಪ್ಪಿಲ್ಲ." ವಿಮರ್ಶೆ ಪ್ರಕಟವಾಗುವುದು ಮಧ್ಯಾಹ್ನ ಹನ್ನೆರಡಕ್ಕೆ. ಅದಕ್ಕೆ ಮುಂಚೆ ಗೆಂಗ್ ಅಣ್ಣನಿಗೆ ಒಮ್ಮೆ ತೋರಿಸಬೇಕೆಂದು ಬಂದಿದ್ದಳು.

ಮೂವತ್ತಾರೂ ಹೆಜ್ಜೆಗಳು ಈಗ ಇರುವುದು ಈ ಆಟದಲ್ಲಿ ಮಾತ್ರ. ಇಪ್ಪತ್ನಾಲ್ಕನೆಯ ಹೆಜ್ಜೆ ಕಲಿಯುವಾಗ ಗೆಂಗ್‌ನ ಮೊಣಕಾಲು ಮುರಿದಿತ್ತು. ಆಮೇಲಿನವು ಅವನಿಗೆ ದಕ್ಕಲಿಲ್ಲ. ಉಳಿದ ಶಿಷ್ಯರು ಒಬ್ಬೊಬ್ಬರಾಗಿ ಕಾರ್ಖಾನೆ ಸೇರಿದರು. ಎರಡು ಚಳಿಗಾಲಗಳ ಹಿಂದೆ ಹಾಂಗ್‌ಝೌನಿಂದ ಆಟದ ಕಂಪನಿಯವರು ಬಂದು ಕೇಳಿದಾಗ, ಎಪ್ಪತ್ತೆರಡರ ತಾವ್ ಗುರುಗಳು, ಚಲನೆಯನ್ನು ಯಂತ್ರ ಬರೆದುಕೊಳ್ಳಲೆಂದು ಮೈತುಂಬ ಬಿಳಿ ಗುಂಡು ಅಂಟಿಸಿದ ಕಪ್ಪು ಉಡುಪು ತೊಟ್ಟು, ಮೂರು ದಿನ ಕ್ಯಾಮೆರಾಗಳ ನಡುವೆ ಅಷ್ಟನ್ನೂ ಮಾಡಿ ತೋರಿಸಿದರು. ಮುಂದಿನ ವಸಂತದಲ್ಲಿ ಶ್ವಾಸಕೋಶ ಕೈಕೊಟ್ಟಿತು.

ಪರದೆಯ ಮುದುಕ ಮರದ ಕಡೆಗೆ ಬೆನ್ನು ಮಾಡಿ ನಿಂತು ಬಲಗಾಲು ಮುಂದಿಟ್ಟ. ಮುಖ ಯಾರದ್ದೋ, ಗಡ್ಡ ಯಾರದ್ದೋ. ಭುಜ ಇಳಿಬಿಟ್ಟ ರೀತಿ ಮಾತ್ರ ಅಪ್ಪನದು. ರುಯಿಂಗ್ ಗೆಂಗ್‌ನ ಮುಖ ನೋಡಿದಳು. ಅವನು ನಗಲಿಲ್ಲ.

"ಇನ್ನೊಂದ್ಸಲ ಹಾಕು."

ಹಾಕಿದಳು. ಗೆಂಗ್ ಎದ್ದ. ಮೇಜುಗಳ ನಡುವೆ ಜಾಗ ಮಾಡಿಕೊಂಡು, ಅವಳಿಗೆ ಬೆನ್ನು ಮಾಡಿ ನಿಂತು, ಹಿಟ್ಟಿನ ಕೈಯಲ್ಲೇ ಮೊದಲ ಮೂರು ಹೆಜ್ಜೆ ಇಟ್ಟ.

"ನೋಡ್ದಾ? ಮೊದಲು ಎಡಗಾಲು. ಎಡಗೈ ಎದೆ ಕಾಯುತ್ತೆ, ಬಲಗೈ ಹೊಡೆಯುತ್ತೆ. ಈ ಮುದುಕ ಎಲ್ಲಾ ಉಲ್ಟಾ ಮಾಡ್ತಿದಾನೆ. ಹೀಗೆ ನಿಂತ್ರೆ ಎದೆ ಬಯಲು ಕಣಮ್ಮ. ಮೊದಲನೇ ಏಟಿಗೇ..." ಎಂದು ಕೈ ಬಿಚ್ಚಿದ. "ಅಲ್ಲಿಗೆ ಕಥೆ ಮುಗೀತು."

"ಇಲ್ಲಣ್ಣ. ಅಪ್ಪ ಬಲಗಾಲೇ ಮೊದಲು ಇಡ್ತಿದ್ರು. ನನಗೆ ಚೆನ್ನಾಗಿ ಗೊತ್ತು."

"ಇಪ್ಪತ್ತು ವರ್ಷ ಒದೆ ತಿಂದೋನು ನಾನು. ನಂಗೆ ಹೇಳ್ತೀಯಲ್ಲೇ?"

"ನಾನೂ ದಿನಾ ನೋಡ್ತಿದ್ದೆ."

"ಎಲ್ಲಿಂದ ನೋಡ್ತಿದ್ದೆ? ನಾವು ಶುರು ಮಾಡೋ ಹೊತ್ತಿಗೆ ನಿನ್ನನ್ನ ಅಡುಗೆಮನೆಗೆ ಅಟ್ತಿದ್ರಲ್ಲ. ಅಲ್ಲಿಂದ ಅಂಗಳ ಕಾಣ್ತಿರ್ಲಿಲ್ಲ."

"ನಡುಮನೇಲಿ ದೊಡ್ಡ ಕಪಾಟು ಇತ್ತಲ್ಲ. ಒಲೆ ಪಕ್ಕ ಸ್ಟೂಲ್ ಹಾಕಿ ಕೂತ್ರೆ ಅದರ ಕನ್ನಡೀಲಿ..."

ಕನ್ನಡಿಯಲ್ಲಿ ಎಡಗಾಲು ಬಲಗಾಲಾಗುತ್ತದೆ ಎಂದು ಅವಳಿಗೆ ಆಗ ಹೊಳೆಯಿತು. ಬೀದಿಯಲ್ಲಿ ಯಾರೋ ಗಂಟೆ ಬಾರಿಸುತ್ತ ಸೈಕಲ್ಲಿನಲ್ಲಿ ಹೋದರು. ಗೆಂಗ್ ಅವಳ ಮುಖ ನೋಡಲಾರದೆ ಮೇಜಿನ ಮೇಲಿದ್ದ ವಿನೆಗರ್ ಬಾಟಲಿಯ ಮುಚ್ಚಳ ತಿರುಗಿಸಿದ.

ಮಗಳು ಬೇರೆ ಮನೆಗೆ ಹೋಗುವವಳು, ಮನೆಯ ವಿದ್ಯೆ ಅವಳ ಹಿಂದೆ ಹೋಗಬಾರದು. ಅದು ತಾವ್ ಮನೆತನದಲ್ಲಿ ಅಜ್ಜನ ಅಜ್ಜನಿಂದ ಬಂದ ಕಟ್ಟಳೆ. ಆರನೆಯ ವಯಸ್ಸಿನಿಂದ ಹದಿನಾರರವರೆಗೆ ಅವಳು ಅಪ್ಪನನ್ನು ಕನ್ನಡಿಯಲ್ಲೇ ನೋಡಿದ್ದಳು. ಎಲ್ಲರೂ ಮಲಗಿದ ಮೇಲೆ ಕೋಣೆಯಲ್ಲಿ ಬಲಗಾಲು ಮೊದಲಿಟ್ಟು ತಾನೂ ಮಾಡುತ್ತಿದ್ದಳು. ಅದು ತಿರುವುಮುರುವು ಎಂದು ಹೇಳಿಕೊಡಲು ಯಾರೂ ಇರಲಿಲ್ಲ.

"ನೀನು ನೋಡ್ತಿದ್ದಿದ್ದು ನಮಗೆಲ್ಲ ಗೊತ್ತಿತ್ತು," ಗೆಂಗ್ ಮೆಲ್ಲಗೆ ಹೇಳಿದ. "ರಾತ್ರಿ ಕನ್ನಡಿ ತೆರೆದಿರಬಾರದು ಅಂತ ಅಮ್ಮಾವ್ರು ಅದಕ್ಕೆ ಬಟ್ಟೆ ಹೊದಿಸ್ತಿದ್ರಲ್ಲ, ಬೆಳಿಗ್ಗೆ ಅದನ್ನ ತೆಗೀತಿದ್ದಿದ್ದು ಯಾರು ಅಂದ್ಕೊಂಡಿದೀಯ?"

"ಅಮ್ಮನೇ ಅಲ್ವಾ?"

"ಗುರುಗಳು. ಬಟ್ಟೆ ತೆಗೆದು, ಮಡಿಸಿ, ಕಪಾಟಿನ ಮೇಲಿಟ್ಟು, ಆಮೇಲೆ ಅಂಗಳಕ್ಕೆ ಬರ್ತಿದ್ರು. ಒಂದು ದಿನಾನೂ ಮರೀಲಿಲ್ಲ. ನಾನು ಒಂದ್ಸಲ ಯಾಕೆ ಗುರುಗಳೇ ಅಂತ ಕೇಳಿ, ಅವತ್ತು ನೂರು ಬೈಠಕ್ ಹೊಡ್ದೆ."

ರುಯಿಂಗ್ ನಗಲು ಹೋದಳು. ಆಗಲಿಲ್ಲ.

ಹತ್ತೂಮುಕ್ಕಾಲಾಗಿತ್ತು. ಅವಳು ಆಟದ ಕಂಪನಿಯಲ್ಲಿ ಚಲನೆಗಳ ಕೆಲಸ ನೋಡುವ ಫು ಎಂಬ ಹುಡುಗಿಗೆ ಫೋನ್ ಮಾಡಿದಳು. ಗೆಂಗ್‌ಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟಳು.

"ಹೌದು ಅಕ್ಕ, ಎಡಬಲ ತಿರುಗಿಸಿದ್ವಿ," ಫು ತಡವರಿಸಿದಳು. "ನಾಯಕನ ಕತ್ತಿ ಎಡಗೈಲಿದೆ. ಕಲಿಯುವಾಗ ಇಬ್ಬರದೂ ಹೊಂದಬೇಕು ಅಂತ ಮೇಲಿನವರು ಹಾಗೆ ಮಾಡಿಸಿದ್ರು. ಅಜ್ಜನ್ನ ಕೇಳೋಣ ಅಂದ್ರೆ ಅಷ್ಟರಲ್ಲಿ ತೀರ್ಕೊಂಡಿದ್ರು. ನಂಗೆ ಆಗಿಂದ್ಲೂ ಒಂಥರಾ ಕಸಿವಿಸಿ."

"ಈಗ ಸರಿ ಮಾಡೋಕಾಗುತ್ತಾ?"

"ಆಗುತ್ತೆ. ಮುಂದಿನ ವಾರದ ತಿದ್ದುಪಡೀಲೇ ಹಾಕಬಹುದು. ಆದ್ರೆ ನಾನು ಹೇಳಿದ್ರೆ ಯಾರು ಕೇಳ್ತಾರೆ? ವಿಮರ್ಶಕರು ಯಾರಾದ್ರೂ ಬರೆದ್ರೆ ಕೇಳ್ತಾರೆ. ಎಲ್ಲಾ ಸರಿಯಿದೆ ಅಂತ ನೀವೇ ಬರೆದುಬಿಟ್ರೆ, ಮಗಳೇ ಒಪ್ಪಿದಾರೆ ಅಂತ ಹೀಗೇ ಬಿಟ್ಟುಬಿಡ್ತಾರೆ." ಸ್ವಲ್ಪ ತಡೆದು, "ತಿರುಗಿಸೋ ಮುಂಚಿನ ಮೂಲ ಕಳಿಸ್ಲಾ ಅಕ್ಕ? ಕಳಿಸಬಾರದು. ಆದ್ರೂ ನಿಮ್ಮ ಅಪ್ಪ ಅಲ್ವಾ," ಎಂದಳು.

ಬಂದದ್ದು ನಾಲ್ಕು ನಿಮಿಷದ ತುಣುಕು. ಮುಖವಿಲ್ಲದ, ಬಟ್ಟೆಯಿಲ್ಲದ ಒಂದು ಬೂದು ಆಕೃತಿ ಬರಿದಾದ ನೆಲದ ಮೇಲೆ ನಿಂತಿತ್ತು. ಅದು ಎಡಗಾಲು ಮುಂದಿಟ್ಟಿತು.

ಗೆಂಗ್ ತಾನಾಗಿಯೇ ಎದ್ದು ನಿಂತ. ಎರಡು ಕೈಗಳನ್ನೂ ಪಕ್ಕಕ್ಕೆ ಇಳಿಬಿಟ್ಟು, ತಲೆ ಕೊಂಚ ಬಗ್ಗಿಸಿ ನಿಂತ. ಇಪ್ಪತ್ನಾಲ್ಕನೆಯ ಹೆಜ್ಜೆ ದಾಟಿ ಇಪ್ಪತ್ತೈದನೆಯದು ಬಂದಾಗ ಅವನ ಬಾಯಿಂದ "ಓ, ಹೀಗಾ" ಎಂದು ಹೊರಟಿತು. ಕೊನೆಯ ಹೆಜ್ಜೆಯಲ್ಲಿ ಆಕೃತಿ ತಡೆದು ನಿಂತು, ಬಗ್ಗಿ, ಎದೆ ಹಿಡಿದು ಎರಡು ಸಲ ಕೆಮ್ಮಿತು. ಯಂತ್ರ ಅದನ್ನೂ ಬರೆದುಕೊಂಡಿತ್ತು.

ರುಯಿಂಗ್‌ಗೆ ಮಾತ್ರ ಆ ಆಕೃತಿ ಯಾರೆಂದು ತಿಳಿಯಲಿಲ್ಲ. ಕೆಮ್ಮು ಅಪ್ಪನದೇ. ಉಳಿದಂತೆ ನಾಲ್ಕು ನಿಮಿಷವೂ ಯಾರೋ ಪರಿಚಯವಿಲ್ಲದ ಮನುಷ್ಯ ತನ್ನ ಪಾಡಿಗೆ ತಾನು ನಡೆದಾಡಿದ ಹಾಗಿತ್ತು. ಮರದ ಹಿಂದಿನಿಂದ ಹನ್ನೊಂದು ದಿನ ಅವಳು ಕಂಡ ಅಪ್ಪ, ಒಲೆಯ ಪಕ್ಕದಿಂದ ಹತ್ತು ವರ್ಷ ಕಂಡ ಅಪ್ಪ, ತಿದ್ದುಪಡಿಯಾದ ದಿನ ಆ ಅಂಗಳದಿಂದ ಹೋಗಿಬಿಡುತ್ತಾರೆ. ಅಲ್ಲಿಗೆ ಗೆಂಗ್ ಅಣ್ಣನ ಗುರುಗಳು ಬಂದು ನಿಲ್ಲುತ್ತಾರೆ.

"ಬಿಟ್ಬಿಡು," ಗೆಂಗ್ ಕಣ್ಣೊರೆಸಿಕೊಂಡು ಹೇಳಿದ. ಅವಳ ಮುಖದಲ್ಲಿ ಅವನಿಗೆ ಏನು ಕಂಡಿತೋ. "ನಾನು ನೋಡ್ದೆ, ಸಾಕು. ಆಟ ಆಡೋ ಹುಡುಗ್ರಿಗೆ ಎಡ ಆದ್ರೇನು, ಬಲ ಆದ್ರೇನು? ನೀನು ಬರ್ದಿದ್ದು ಹಾಗೇ ಇರ್ಲಿ."

"ಎದೆ ಬಯಲು ಅಂದ್ಯಲ್ಲಣ್ಣ."

ಗೆಂಗ್ ಮೇಜುಗಳತ್ತ ತಿರುಗಿದ. ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿ ಒಳಗೆ ಒಯ್ದ.

ಅವಳು ಕೊನೆಯ ಭಾಗವನ್ನು ಅಳಿಸಿದಳು. ಹೊಸದನ್ನು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ವೃದ್ಧ ಗುರುವಿನ ಮೂವತ್ತಾರು ಹೆಜ್ಜೆಗಳೂ ಎಡಬಲ ಅದಲುಬದಲಾಗಿವೆ, ಇದನ್ನು ಗುರುಗಳ ಹಿರಿಯ ಶಿಷ್ಯ ಗುರುತಿಸಿದ್ದಾರೆ, ಕಂಪನಿ ಕೂಡಲೇ ಸರಿಪಡಿಸಬೇಕು ಎಂದು ಬರೆದಳು. ಅದರ ಕೆಳಗೆ, "ನಾನು ಗುರುಗಳ ಮಗಳು. ನನಗೆ ಈ ವಿದ್ಯೆಯನ್ನು ಕಲಿಸಿರಲಿಲ್ಲ. ಹಾಗಾಗಿ ತಪ್ಪು ನನಗೆ ಕಾಣಲಿಲ್ಲ" ಎಂದು ಸೇರಿಸಿದಳು. ಕನ್ನಡಿಯ ಮೇಲಿನ ಬಟ್ಟೆಯ ಬಗ್ಗೆ ಒಂದು ವಾಕ್ಯ ಬರೆದು, ಓದಿ, ಅಳಿಸಿದಳು. ಅದು ಓದುಗರಿಗೆ ಸೇರಿದ್ದಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಕಳಿಸಿದಳು.

ಆಮೇಲೆ ಆಟವನ್ನು ತೆರೆದು ನಾಯಕನನ್ನು ಮರದ ಹಿಂದೆ ನಿಲ್ಲಿಸಿದಳು. ಮುದುಕ ಅಂಗಳಕ್ಕೆ ಬಂದು ಬಲಗಾಲು ಮುಂದಿಟ್ಟ. ಅವಳು ಗುಂಡಿಗಳನ್ನು ಮುಟ್ಟಲಿಲ್ಲ. ಹೆಜ್ಜೆಗಳನ್ನೆಲ್ಲ ಮುಗಿಸಿ ಮುದುಕ ಒಳಗೆ ಹೋಗಿ, ಮತ್ತೆ ಹೊರಗೆ ಬಂದು, ಮತ್ತೆ ಮೊದಲಿನಿಂದ ಶುರು ಮಾಡಿದ.

ಗೆಂಗ್ ಯಾವಾಗಲೋ ಬಂದು ಪಕ್ಕದಲ್ಲಿ ನಿಂತಿದ್ದ. ಒಲೆಯಿಂದ ಆಗತಾನೇ ತೆಗೆದ ಪದರ ರೊಟ್ಟಿಯನ್ನು ಸೀಳಿ, ಆ ಕಡೆಯವರು ಇಷ್ಟಪಡುವ ಕತ್ತೆ ಮಾಂಸವನ್ನೂ ಹಸಿಮೆಣಸಿನಕಾಯಿಯನ್ನೂ ಸಣ್ಣಗೆ ಕೊಚ್ಚಿ ತುಂಬಿ, ಕೈ ಸುಡದಂತೆ ಕಾಗದವನ್ನು ಎರಡು ಸುತ್ತು ಸುತ್ತಿದ್ದ. ಪರದೆಗೆ ಅಡ್ಡ ಬಾರದ ಹಾಗೆ ಹಿಂದಿನಿಂದ ಕೈ ಚಾಚಿ ಅದನ್ನು ಅವಳ ಅಂಗೈಯಲ್ಲಿಟ್ಟ.