ಮೊದಲನೆಯದು ಪುಕ್ಕಟೆ

"ಇಳಿಸು ಅದನ್ನ. ಇಳಿಸು ಅಂದೆ ನಾನು!"

"ಮೊಳೆ ಹೊಡೆದಾಯ್ತಮ್ಮ."

"ಹೊಡೆದ ಕೈಯಲ್ಲೇ ಕೀಳು. ಇಲ್ಲಾಂದ್ರೆ ಆ ಸುತ್ತಿಗೆ ಇಲ್ಲಿ ಕೊಡು, ಗಾಜು ಪುಡಿ ಮಾಡ್ತೀನಿ."

ಡ್ಯಾರೆನ್ ಕುರ್ಚಿಯಿಂದ ಇಳಿಯಲಿಲ್ಲ. ಐವತ್ತರ ಹತ್ತಿರದ ಗಂಡಸು, ಕಪ್ಪು ಸೂಟು, ಅಪ್ಪನದೇ ಗೂಳಿ ಕುತ್ತಿಗೆ. ಹಲ್ಲಲ್ಲಿ ಇನ್ನೊಂದು ಮೊಳೆ ಕಚ್ಚಿಕೊಂಡು, ಗೋಡೆಯ ಪಟವನ್ನು ಎರಡೂ ಕೈಯಿಂದ ನೇರ ಮಾಡಿದ.

ಪಟ ಅರ್ಧ ಬಾಗಿಲಿನಷ್ಟಿತ್ತು. ಅದರಲ್ಲಿ ಅವನ ಅಪ್ಪ ಡೆನಿಸ್ ಗ್ರಿಮ್‌ಶಾ, ಇಪ್ಪತ್ತೈದರ ಪ್ರಾಯ, ಕೆಸರಿನಲ್ಲಿ ಅಡ್ಡಡ್ಡ ಮಲಗಿದಂತೆ ಜಾರುತ್ತಿದ್ದಾನೆ. ಚಾಚಿದ ಕಾಲುಗಳ ತುದಿಯಲ್ಲಿ ಹನ್ನೊಂದನೇ ನಂಬರಿನ ಒಬ್ಬ ಹುಡುಗ ಗಾಳಿಯಲ್ಲಿದ್ದಾನೆ. ಹುಡುಗನ ಎಡಗಾಲು, ಕೀಲೇ ಇಲ್ಲದ ಜಾಗದಲ್ಲಿ ಮಡಚಿಕೊಂಡಿದೆ. ಚೆಂಡು ಪಟದಲ್ಲೆಲ್ಲೂ ಇಲ್ಲ. ಕೆಳಗೆ ಚಿನ್ನದ ಅಕ್ಷರ: ಮೊದಲನೆಯದು ಪುಕ್ಕಟೆ.

"ಬೆರಿಲ್, ಡೆನಿಸ್ ಅಂದ್ರೇ ಈ ಪಟ ಅಲ್ವಾ?" ಅಂದ ಮೂಲೆಯಲ್ಲಿ ಕೂತಿದ್ದ ಮುದುಕ ಟ್ಯಾಟರ್ಸಾಲ್. ಒಂದು ಕಾಲದಲ್ಲಿ ಕ್ರಾಗ್‌ಲಿ ಟೌನ್ ಫುಟ್‌ಬಾಲ್ ತಂಡದ ಮ್ಯಾನೇಜರ್ ಅವನು. ಎಂಬತ್ತೆಂಟಾದರೂ ಊರಿನವರ ಬಾಯಲ್ಲಿ ಇನ್ನೂ 'ಯಜಮಾನ್ರು'. "ಮಣ್ಣು ಮಾಡಿ ಬಂದು ಎಲ್ಲರೂ ಇಲ್ಲೇ ಟೀ ಕುಡೀತಾರೆ. ನೋಡಿ ಖುಷಿ ಪಡ್ತಾರೆ. ಆಮೇಲೆ ಕ್ಲಬ್ಬಿನಲ್ಲಿ ಖಾಯಂ ಇಲ್ಲೇ ಇರುತ್ತೆ."

"ನಿಮ್ಮನ್ನ ಕೇಳಿದ್ನಾ ಯಜಮಾನ್ರೇ?"

"ಅಮ್ಮ, ಮರ್ಯಾದೆ!"

"ನಲವತ್ತೆಂಟು ವರ್ಷ ಆ ಪಟ ನೋಡಿದೀನಿ ಡ್ಯಾರೆನ್. ಸಾಕು. ಮಣ್ಣಿಗೆ ಹೋಗೋ ದಿನಾನಾದ್ರೂ ಅವನು ಯಾರನ್ನೂ ಒದೀದೆ ಇರಲಿ. ನಾನು ಕೇಳ್ತಿರೋದು ಅಷ್ಟೇ. ನಾವು ವಾಪಸ್ ಬರೋ ಹೊತ್ತಿಗೆ ಅದು ಅಲ್ಲಿರಬಾರದು."

ಡ್ಯಾರೆನ್ ಬಾಯಿಂದ ಮೊಳೆ ತೆಗೆದು ಪಟದ ಇನ್ನೊಂದು ಮೂಲೆಗೂ ಬಡಿದ. ಅವನ ಹೆಂಡತಿ ಮಿಶೆಲ್ ಟೀ ಹಂಡೆಯ ಹಿಂದೆ ನಿಂತು ಕಪ್ಪು ಜೋಡಿಸುತ್ತಿದ್ದಳು. ಸುತ್ತಿಗೆಯ ಒಂದೊಂದು ಏಟಿಗೂ ಅವಳ ಭುಜ ಹಾರುತ್ತಿತ್ತು.

*

ಸಾವಿರದ ಒಂಬೈನೂರ ಎಪ್ಪತ್ತೊಂದು, ಫೆಬ್ರವರಿ. ಆಟಗಾರರ ಕೋಣೆಯಲ್ಲಿ ಡೆನಿಸ್ ಬಕೆಟ್ಟಿಗೆ ವಾಂತಿ ಮಾಡಿ ಬಾಯಿ ಒರೆಸಿಕೊಳ್ಳುತ್ತಿದ್ದ. ಪ್ರತಿ ಶನಿವಾರ ಆಟಕ್ಕೆ ಮುಂಚೆ ಹಾಗೇ ಆಗುತ್ತಿತ್ತು. ಟ್ಯಾಟರ್ಸಾಲ್ ಬಂದು ಅವನ ದವಡೆಯನ್ನು ಒಂದೇ ಕೈಯಲ್ಲಿ ಹಿಡಿದೆತ್ತಿದ.

"ಹನ್ನೊಂದನೇ ನಂಬರು. ಪ್ರೈಸ್ ಅಂತ, ವೇಲ್ಸ್ ಹುಡುಗ. ಓಡೋಕೆ ಬಿಟ್ರೆ ನಮ್ಮವರ ಯಾರ ಕೈಗೂ ಸಿಗಲ್ಲ. ಮೊದಲನೇದು ಪುಕ್ಕಟೆ. ಗೊತ್ತಲ್ಲ?"

"ಗೊತ್ತು ಯಜಮಾನ್ರೇ."

ಗೊತ್ತಿಲ್ಲದವರು ಯಾರಿದ್ದರು? ಆಗಿನ ಕಾಲಕ್ಕೆ ಆಟ ಶುರುವಾದ ಐದು ನಿಮಿಷದೊಳಗೆ ಯಾರು ಯಾರನ್ನು ಒದ್ದರೂ ರೆಫ್ರಿ ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಬೆರಳು ಆಡಿಸಿ ಗದರಿಸಿ ಕಳಿಸುತ್ತಿದ್ದ. ಎರಡನೇ ಏಟಿಗೆ ಶಿಕ್ಷೆ, ಮೊದಲನೆಯದಕ್ಕೆ ಏನೂ ಇಲ್ಲ. ಅದಕ್ಕೇ ಆ ಮೊದಲನೆಯದನ್ನು ಮೈಯಲ್ಲಿರುವ ಬಲವೆಲ್ಲ ಹಾಕಿ ಒದೆಯಬೇಕು. ಡೆನಿಸ್‌ಗೆ ಸಂಬಳ ಕೊಡುತ್ತಿದ್ದದ್ದೇ ಆ ಒಂದು ಒದೆತಕ್ಕೆ.

ಮೂರನೇ ನಿಮಿಷ. ಚೆಂಡು ಆಗಲೇ ದಾಟಿ ಹೋಗಿತ್ತು. ದಾಟಿದ್ದು ಎಂಟು ಸಾವಿರ ಜನರ ಕಣ್ಣಿಗೂ ಬಿತ್ತು. ಡೆನಿಸ್ ಎರಡೂ ಕಾಲು ನೆಲ ಬಿಟ್ಟು ಹೋದ.

ಡ್ಯಾರೆನ್‌ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಗೋಲಿನ ಹಿಂದೆ ನಿಂತಿದ್ದ ಬೆರಿಲ್‌ಗೆ, ಚಿಲಕ ಹಾಕಿದ ಬಾಗಿಲನ್ನು ಯಾರೋ ಒದ್ದು ತೆಗೆದ ಸದ್ದು ಕೇಳಿಸಿತು. ಡೆನಿಸ್ ಎದ್ದು, ಬಿದ್ದವನಿಗೆ ಕೈ ಚಾಚಿದ. ಅದು ವಾಡಿಕೆ. "ಏಳು ಮರಿ, ಏನೂ ಆಗಿಲ್ಲ." ಆಮೇಲೆ ಕೆಳಗೆ ನೋಡಿದ. ಕಾಲುಚೀಲ ಹರಿದು ಮೂಳೆ ಹೊರಗೆ ಬಂದಿತ್ತು. ಹುಡುಗ ಕಿರುಚಲೂ ಇಲ್ಲ, ಹುಲ್ಲು ಕಿತ್ತು ಕಿತ್ತು ಬಾಯಿಗೆ ತುರುಕಿಕೊಳ್ಳುತ್ತಿದ್ದ. ಡೆನಿಸ್ ಚಾಚಿದ ಕೈ ಚಾಚಿದಂತೆಯೇ ಉಳಿಯಿತು.

ರೆಫ್ರಿ ಬಂದು ಬೆರಳು ಆಡಿಸಿದ. ಪುಸ್ತಕ ಜೇಬಿನಿಂದ ತೆಗೆಯಲಿಲ್ಲ. ಜನ ಸಂತೋಷದಿಂದ ಕೂಗುತ್ತಿದ್ದರು.

ಆಮೇಲೆ ಡೆನಿಸ್ ಒಂಬತ್ತು ಕ್ಲಬ್ಬು ಸುತ್ತಿದ. ಮೂರನೇ ಡಿವಿಜನ್ನು, ನಾಲ್ಕನೇ ಡಿವಿಜನ್ನು, ಅದಕ್ಕೂ ಕೆಳಗೆ. ಮ್ಯಾನೇಜರುಗಳು ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ: "ಆ ವೇಲ್ಸ್ ಹುಡುಗನ ಕಾಲು ಮುರಿದವನು ತಾನೇ? ಕಳಿಸು." ಡೆನಿಸ್‌ಗೆ ಎಡಗಾಲಲ್ಲಿ ನಲವತ್ತು ಗಜ ದೂರದ ಆಟಗಾರನ ಎದೆಗೆ ಚೆಂಡು ಮುಟ್ಟಿಸಲು ಬರುತ್ತಿತ್ತು. ಒಬ್ಬನಾದರೂ ಅದನ್ನು ಕೇಳಲಿಲ್ಲ. ಹದಿನಾರು ವರ್ಷದಲ್ಲಿ ನಾಲ್ಕು ಗೋಲು ಹೊಡೆದ, ಅದರಲ್ಲಿ ಎರಡು ತನ್ನ ತಂಡದ ಮೇಲೇ. ಮೂವತ್ತನಾಲ್ಕಕ್ಕೆ ಕೊನೆಯ ಕ್ಲಬ್ಬು ಕಾಗದ ಬರೆದು ಬಿಡಿಸಿತು. ಆಮೇಲೆ ಇಪ್ಪತ್ತೆರಡು ವರ್ಷ ಬ್ರೆಡ್ಡಿನ ವ್ಯಾನು ಓಡಿಸಿದ. ಅಂಗಡಿ ಬಾಗಿಲಲ್ಲಿ ಜನ "ಡೆನಿಸ್, ಒಂದ್ಸಲ ಒದ್ದು ತೋರಿಸೋ" ಅನ್ನುತ್ತಿದ್ದರು. ತೋರಿಸುತ್ತಿದ್ದ. ಬ್ರೆಡ್ಡಿನ ಖಾಲಿ ಟ್ರೇ ರಸ್ತೆ ದಾಟಿ ಹೋಗಿ ಬೀಳುತ್ತಿತ್ತು.

*

ಚರ್ಚಿನ ಗೇಟಿನಲ್ಲಿ ಪೆಟ್ಟಿಗೆ ಇಳಿಸುವಾಗಲೇ ಆ ಮನುಷ್ಯ ಬಂದ. ಕೋಲೂರಿಕೊಂಡು, ಎಡಗಾಲನ್ನು ಹೊರಕ್ಕೆ ಬೀಸಿ ಬೀಸಿ ಹಾಕುತ್ತ.

ಡ್ಯಾರೆನ್ ಪೆಟ್ಟಿಗೆಯ ಹಿಡಿ ಬಿಟ್ಟು ಅಡ್ಡ ನಿಂತ. "ಪ್ರೈಸ್ ಅಲ್ವಾ ನೀನು? ನಿನ್ನನ್ನ ಯಾರು ಕರೆದ್ರು?"

"ನಾನು ಕರೆದೆ," ಅಂದಳು ಬೆರಿಲ್.

"ತಲೆ ಕೆಟ್ಟಿದೆಯಾ ನಿಂಗೆ?"

ಅಲ್ವಿನ್ ಪ್ರೈಸ್‌ಗೆ ಈಗ ಅರವತ್ತೇಳು. ಬಸ್ ಡಿಪೋದಲ್ಲಿ ಕೂತು ಟಿಕೆಟ್ ಹರಿದು ಹರಿದೇ ಮುದುಕನಾದವನು. ಹ್ಯಾಟು ತೆಗೆದು ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದ.

"ಇದ್ರೊಳಗೆ ಇದಾನಾ?"

"ಇದಾನೆ."

"ಮೊಳೆ ಸರಿಯಾಗಿ ಹೊಡೆದಿದೀರಾ?"

ಹೆಣ ಹೊರುವವರಲ್ಲಿ ಒಬ್ಬ ನಕ್ಕುಬಿಟ್ಟು ಕೆಮ್ಮಿದಂತೆ ಮಾಡಿದ. ಡ್ಯಾರೆನ್ ಅಲ್ವಿನ್‌ನ ಕೊರಳಪಟ್ಟಿ ಹಿಡಿದ. ಪಾದ್ರಿ ಬಂದು ಬಿಡಿಸಬೇಕಾಯಿತು. ಅಲ್ವಿನ್ ಟೈ ಸರಿಮಾಡಿಕೊಂಡು ಬೆರಿಲ್‌ಗೆ ಹೇಳಿದ: "ನೀವು ಬರೆದಿದ್ರಿ ನೋಡಿ, 'ದಿನಾ ಸಂಜೆ ನಿಮ್ಮನ್ನ ಬೀಳಿಸ್ತಿದ್ದ, ಈಗ ನಿಲ್ಲಿಸಿದಾನೆ' ಅಂತ. ಅದು ನಿಜಾನಾ ಅಂತ ನೋಡೋಕೆ ಬಂದೆ. ಅಳೋಕೆ ಬಂದಿಲ್ಲ."

"ಅಳಿ ಅಂತ ನಾನೂ ಹೇಳಿಲ್ಲ. ಒಳಗೆ ಬನ್ನಿ, ಚಳಿ."

ಗುಂಡಿಯ ಹತ್ತಿರ ನಾದಿನಿ ಹಿಲ್ಡಾ ಬೆರಿಲ್‌ನ ತೋಳು ಹಿಡಿದುಕೊಂಡಳು. "ಅತ್ತಿಗೆ, ನಿನ್ನ ಕಾಲು ಹೇಗೆ ಬಾತಿದೆ ನೋಡ್ಕೊಂಡಿದೀಯಾ? ಕಂಬ ಆಗಿದೆ. ಡಾಕ್ಟರಿಗೆ ತೋರಿಸು."

ಬೆರಿಲ್ ಕೆಳಗೆ ನೋಡಲಿಲ್ಲ. ಹಿಡಿ ಮಣ್ಣು ಹಾಕಿದಳು. ಕಲ್ಲೊಂದು ಪೆಟ್ಟಿಗೆಗೆ ಬಡಿದು ಟೊಣ್ ಎಂದಿತು.

*

ಕೊನೆಯ ಎರಡು ವರ್ಷ ಡೆನಿಸ್‌ಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಒದ್ದೆ ಚರ್ಮದ ಚೆಂಡನ್ನು ಹದಿನಾರು ವರ್ಷ ಹಣೆಯಲ್ಲಿ ಹೊಡೆದದ್ದರ ಫಲ ಅಂದರು ಡಾಕ್ಟರು. ಹಗಲೆಲ್ಲ ಸುಮ್ಮನೆ ಕೂತಿರುತ್ತಿದ್ದ. ಬೀದಿ ದೀಪ ಹತ್ತಿದರೆ ಸಾಕು, ಮೈದಾನದ ದೀಪ ಹತ್ತಿತು ಅಂದುಕೊಂಡು ಏಳುತ್ತಿದ್ದ. ವ್ಯಾನು ಓಡಿಸುವಾಗಿನ ಉಕ್ಕಿನ ಮೂತಿಯ ಬೂಟು ಬಿಚ್ಚಲು ಹೋದರೆ ಕಚ್ಚುತ್ತಿದ್ದ.

ಮೊದಲ ಸಲ ಬೆರಿಲ್ ಒಲೆಯ ಮುಂದೆ ಆಲೂಗಡ್ಡೆ ಬಸಿಯುತ್ತಿದ್ದಳು. ಬದಿಯಿಂದ ಬಂದ. ಅವಳಿಗೆ ಬೂಟಿನ ಸದ್ದೂ ಕೇಳಿಸಲಿಲ್ಲ. ಕಣಕಾಲಿಗೆ ಬಿದ್ದ ಏಟಿಗೆ ನೆಲಕ್ಕೆ ಉರುಳಿದಳು. ಕುದಿನೀರು ಮುಂಗೈ ಮೇಲೆ ಹರಿಯಿತು. ಮೇಲೆ ನೋಡಿದರೆ ಗಂಡ ಕೈ ಚಾಚಿ ನಿಂತಿದ್ದ.

"ಏಳು ಮರಿ, ಏನೂ ಆಗಿಲ್ಲ."

ಆ ಕೈ ಹಿಡಿದುಕೊಂಡೇ ಎದ್ದಳು. ಮನೆಯಲ್ಲಿ ಬೇರೆ ಕೈ ಇರಲಿಲ್ಲ. ಮರುದಿನ ಸಂಜೆ ಮತ್ತೆ. ಅದರ ಮರುದಿನವೂ. ಹಿಂದಿನದು ನೆನಪಿರದ ಅವನಿಗೆ ಪ್ರತಿಯೊಂದೂ ಮೊದಲನೆಯದೇ, ಪ್ರತಿ ಸಲವೂ ಅವಳೇ ಆ ಹನ್ನೊಂದನೇ ನಂಬರು.

ಐದನೇ ದಿನ ಮಗನಿಗೆ ಫೋನು ಮಾಡಿದಳು. ಪಕ್ಕದೂರಿನಲ್ಲಿದ್ದು ಭಾನುವಾರ ಮಧ್ಯಾಹ್ನದ ಊಟಕ್ಕೆ ಬಂದು ಹಗಲಲ್ಲೇ ಹೋಗುವವನು.

"ಅಪ್ಪ ನಂಗೆ ಒದೀತಿದಾನೆ ಕಣೋ."

ಆ ಕಡೆಯಿಂದ ನಗು. "ಮೊದಲನೇದು ಪುಕ್ಕಟೆ ಅಲ್ವೇನಮ್ಮ! ಇನ್ನೂ ಜೋರಿದೆಯಾ ಮುದುಕನ ಕಾಲು?"

ಬೆರಿಲ್ ಫೋನಿಟ್ಟು ಅಟ್ಟ ಹತ್ತಿದಳು. ಪೆಟ್ಟಿಗೆಯಲ್ಲಿ ಡೆನಿಸ್‌ನ ಹಳೆಯ ಕಣಕಾಲಿನ ಪ್ಯಾಡುಗಳಿದ್ದವು, ಬೆತ್ತದ ಪಟ್ಟಿ ಇಟ್ಟು ಹೊಲಿದ ಕ್ಯಾನ್ವಾಸಿನವು. ಅವನ್ನು ಕಟ್ಟಿಕೊಂಡು ಮೇಲೆ ದಪ್ಪ ಕಾಲುಚೀಲ ಎಳೆದುಕೊಂಡಳು. ಅವತ್ತು ಸಂಜೆ ಬರೀ ಸದ್ದು ಬಂತು. ಮತ್ತೆ ಯಾರಿಗೂ ಫೋನು ಮಾಡಲಿಲ್ಲ.

*

ಮಣ್ಣು ಮಾಡಿ ಕ್ಲಬ್ಬಿಗೆ ವಾಪಸ್ ಬಂದಾಗ ಪಟ ಗೋಡೆಯ ಮೇಲೇ ಇತ್ತು. ಕೆಳಗಿನ ಮೇಜಿನ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್ಚು, ಹಂದಿಮಾಂಸದ ಪೈ, ಬಿಯರ್ ಲೋಟಗಳು. ಬೆರಿಲ್ ಪಟವನ್ನೊಮ್ಮೆ ನೋಡಿ, ಕೋಟನ್ನು ಗೂಟಕ್ಕೆ ಹಾಕಿ, ಗೋಡೆಗೆ ಬೆನ್ನು ಮಾಡಿ ಕೂತಳು.

ಟ್ಯಾಟರ್ಸಾಲ್‌ನನ್ನು ಇಬ್ಬರು ಎತ್ತಿ ನಿಲ್ಲಿಸಿದರು.

"ಡೆನಿಸ್ ಮೈದಾನದಲ್ಲಿ ರಾಕ್ಷಸ," ಅಂದ ಮುದುಕ. "ಮನೇಲಿ? ಮನೇಲಿ ಒಂದು ಇರುವೇನೂ ತುಳಿದವನಲ್ಲ. ಬೆರಿಲ್‌ನ ಕೇಳಿ ಬೇಕಾದ್ರೆ."

ಯಾರೂ ಕೇಳಲಿಲ್ಲ.

"ಈಗಿನವ್ರು ಮುಟ್ಟಿದ್ರೆ ಅಳ್ತಾರೆ. ನಾವೇನಂತಿದ್ವಿ ಹುಡುಗ್ರಾ?"

"ಮೊದಲನೇದು ಪುಕ್ಕಟೆ!" ಲೋಟಗಳು ಮೇಜಿಗೆ ಬಡಿದವು. ಎಲ್ಲರಿಗಿಂತ ಮೇಲಿತ್ತು ಡ್ಯಾರೆನ್‌ನ ದನಿ.

ಅಲ್ವಿನ್ ಬಾಯಲ್ಲಿದ್ದ ಪೈ ನುಂಗಿ ಎದ್ದ. ಕಾಲು ಬೀಸಿಕೊಂಡು ಗೋಡೆಯವರೆಗೆ ಹೋಗಿ, ಪಟವನ್ನು ಎಳೆದು ಮೊಳೆ ಸಮೇತ ಕಿತ್ತ.

"ಕೆಳಗಿಡು," ಅಂದ ಡ್ಯಾರೆನ್.

"ಇದ್ರಲ್ಲಿರೋ ಕಾಲು ನಂದು. ನಾನು ತಗೊಂಡ್ ಹೋಗ್ತೀನಿ."

"ಕೆಳಗಿಡು ಅಂದೆ."

"ನೀನಾಗ ಇನ್ನೂ ಹುಟ್ಟಿರಲಿಲ್ಲ ಕಣೋ. ಸುಮ್ನೆ ಕೂತ್ಕೋ."

ಡ್ಯಾರೆನ್ ಕೋಲನ್ನು ಒದ್ದ. ಕೋಲು ಹಾರಿತು, ಮನುಷ್ಯ ಬೀಳಲಿಲ್ಲ. ಪಟ ಅಪ್ಪಿಕೊಂಡು ಒಂದೇ ಕಾಲಲ್ಲಿ ನಿಂತ. ಆಗ ಡ್ಯಾರೆನ್ ಎಡಗಾಲಿಗೇ ಒದ್ದ, ಅಪ್ಪನ ಹಾಗೇ, ಮೈಯೆಲ್ಲ ಓರೆ ಮಾಡಿ. ಅಲ್ವಿನ್‌ನ ಹಣೆ ಮೇಜಿನ ಅಂಚಿಗೆ ಹೊಡೆಯಿತು. ಅವನು ಗಾಜಿನ ಮೇಲೆ ಬಿದ್ದ. ಗಾಜು ಒಡೆದು ಅಂಗೈಗೆ ಹೊಕ್ಕಿತು. ರಕ್ತ ಸ್ಯಾಂಡ್‌ವಿಚ್ಚಿನ ತಟ್ಟೆಗೂ ಸಿಡಿಯಿತು.

ಹಿಂದಿನಿಂದ ಯಾರೋ ಕೂಗಿದರು: "ಮೊದಲನೇದು ಪುಕ್ಕಟೆ!"

ನಕ್ಕರು. ಎಲ್ಲರೂ ಅಲ್ಲ, ಸಾಕಷ್ಟು ಜನ. ಡ್ಯಾರೆನ್‌ಗೂ ನಗು ಬಂತು. ಬಗ್ಗಿ ಕೈ ಚಾಚಿದ.

"ಏಳಯ್ಯ, ಏನೂ ಆಗಿಲ್ಲ."

ಬೆರಿಲ್ ಆಗ ತಿರುಗಿದಳು. ಮಗನ ಆ ಕೈಯನ್ನೇ ನೋಡಿದಳು. ಆಮೇಲೆ ಬಗ್ಗಿ, ಅಷ್ಟು ಜನರ ಮುಂದೆ, ಕಪ್ಪು ಲಂಗ ಮೊಣಕಾಲಿಗೆ ಎತ್ತಿ ಕಾಲುಚೀಲ ಕೆಳಕ್ಕೆ ಜಾರಿಸಿದಳು. ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳುವಾಗ ಕೈ ತಾನಾಗಿ ಆ ಪ್ಯಾಡುಗಳನ್ನು ಕಟ್ಟಿತ್ತು. ಹೆಣದ ಕಾರಿನಲ್ಲಿ ಕೂತ ಮೇಲೇ ಅವಳಿಗೆ ಗೊತ್ತಾದದ್ದು. ಒಂದು ಪ್ಯಾಡು ಬಿಚ್ಚಿದಳು. ಇನ್ನೊಂದು ಬಿಚ್ಚಿದಳು. ಕೆಳಗಿನ ಚರ್ಮ ನೀಲಿ, ಹಳದಿ, ಕೆಲವು ಕಡೆ ಕಪ್ಪು. ಕಣಕಾಲಿನ ಮೂಳೆ ಉದ್ದಕ್ಕೂ ಗಂಟುಗಂಟಾಗಿತ್ತು.

"ದೇವರೇ," ಅಂದಳು ಹಿಲ್ಡಾ.

"ಅಮ್ಮ, ಏನದು?"

"ಫೋನಲ್ಲಿ ಹೇಳಿದ್ದೆ."

ಬೆರಿಲ್ ಮಗನನ್ನು ದಾಟಿ ಟೀ ಹಂಡೆಯ ಹತ್ತಿರ ಹೋದಳು. ಪ್ಯಾಡುಗಳನ್ನು ಸೊಸೆಯ ಕೈಗಿಟ್ಟಳು.

"ಇಟ್ಕೋ ಮಿಶೆಲ್. ಬೇಕಾಗುತ್ತೆ."

"ಅತ್ತೆ..."

"ಪಟ್ಟಿ ಬಿಗಿಯಾಗಿ ಕಟ್ಟು. ಇಲ್ಲಾಂದ್ರೆ ಜಾರುತ್ತೆ."

ಹಿಂದಕ್ಕೆ ಬಂದು ಅಲ್ವಿನ್‌ನ ಕಂಕುಳಿಗೆ ಕೈಹಾಕಿ ಎತ್ತಿದಳು. ಅವನ ಹಣೆಗೆ ತನ್ನ ಕರವಸ್ತ್ರ ಒತ್ತಿದಳು. ಮುರಿದ ಚೌಕಟ್ಟಿನಿಂದ ಚಿತ್ರವನ್ನು ಎಳೆದು, ಮಡಚಿ ಮಡಚಿ ಅವನ ಜೇಬಿಗೆ ತುರುಕಿದಳು. "ಬೆರಿಲ್, ಕೂತ್ಕೋಮ್ಮ, ಮಾತಾಡೋಣ," ಅಂದ ಟ್ಯಾಟರ್ಸಾಲ್. ಅವನ ಕುರ್ಚಿಯ ಪಕ್ಕದಲ್ಲೇ ಬಿದ್ದಿದ್ದ ಕೋಲನ್ನು ಎತ್ತಿಕೊಂಡಳು, ಅವನ ಮುಖ ನೋಡಲಿಲ್ಲ. ಇಬ್ಬರೂ ಬಾಗಿಲು ದಾಟಿದರು. ಕಿಟಕಿಯಲ್ಲಿ ನೋಡುತ್ತಿದ್ದವರಿಗೆ, ಗೇಟಿನ ಹತ್ತಿರ ಅಲ್ವಿನ್ ಸ್ಟೇಷನ್ನಿನ ಕಡೆಗೂ ಬೆರಿಲ್ ಊರ ಹಿಂದಿನ ದಿಣ್ಣೆಯ ಕಡೆಗೂ ತಿರುಗಿದ್ದು ಕಾಣಿಸಿತು. ಕಾಲುಚೀಲ ಇನ್ನೂ ಅವಳ ಹಿಮ್ಮಡಿಯ ಹತ್ತಿರ ಮುದುಡಿಕೊಂಡಿತ್ತು.

"ಬರ್ತಾಳೆ ಬಿಡಿ," ಅಂದ ಡ್ಯಾರೆನ್. "ಕೋಟು ಇಲ್ಲೇ ಇದೆಯಲ್ಲ."

ಮೂರಾಯಿತು. ನಾಲ್ಕಾಯಿತು. ಕುಡಿದವರು ಕುಡಿದು ಹೋದರು. ಕೋಟು ಗೂಟದಲ್ಲೇ ಇತ್ತು.

ಮಿಶೆಲ್ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಪ್ಯಾಡುಗಳು ಮಡಿಲಲ್ಲಿದ್ದವು. ಎಡಗಡೆಯದರಲ್ಲಿ ಬೆತ್ತ ಪುಡಿಯಾಗಿ ಕ್ಯಾನ್ವಾಸು ಒಳಕ್ಕೆ ಕುಸಿದಿತ್ತು. ಆ ತಗ್ಗಿನಲ್ಲಿ ಅವಳ ನಾಲ್ಕು ಬೆರಳೂ ಕೂರುತ್ತಿದ್ದವು.

"ಎಸಿ ಅದನ್ನ," ಅಂದ ಡ್ಯಾರೆನ್ ಆ ಕಡೆಯ ಮೇಜಿನಿಂದ.

ಅವಳು ಎಸೆಯಲಿಲ್ಲ.

ಹೊರಗೆ ಬೀದಿ ದೀಪ ಹತ್ತಿತು. ಡ್ಯಾರೆನ್ ಎದ್ದು ಅವಳ ಕಡೆ ಬಂದ. ಮಿಶೆಲ್ ಎರಡೂ ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು.