ಏನು ಓಡಿಸ್ತೀಯ?

ಔಷಧಿ ಅಂಗಡಿಯವರು ಸಾಮಾನ್ಯವಾಗಿ ಏನು ತೊಂದರೆ ಎಂದು ವಿಚಾರಿಸುತ್ತಾರೆ, ನಮ್ಮ ವಿಲಮೆಟ್ ಕಣಿವೆಯ ಆರ್ಡಿತ್ ಕ್ರಾಫ್ ಮಾತ್ರ, ಎದುರಿಗೆ ನಿಂತವನ ಮೂಗು ನಲ್ಲಿಯಂತೆ ಸೋರುತ್ತಿದ್ದರೂ, "ಇವತ್ತು ಏನು ಓಡಿಸ್ತೀಯ?" ಎಂದೇ ಆರಂಭಿಸುತ್ತಿದ್ದರು. ಗಾಡಿಯೂ ಇಲ್ಲ, ಯಂತ್ರವೂ ಇಲ್ಲ ಎಂದವನೂ ಪಾರಾಗುತ್ತಿರಲಿಲ್ಲ. ಮಾತ್ರೆಯ ಪೆಟ್ಟಿಗೆಯ ಹಿಂಬದಿಯನ್ನು ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿ ಒಪ್ಪಿಸಿದ ಮೇಲೆಯೇ ಪೆಟ್ಟಿಗೆ ಕೈಗೆ ಬರುತ್ತಿತ್ತು.

ಎಡಗಾಲನ್ನು ತುಸು ಎಳೆದು ನಡೆಯುವ, ಅರವತ್ತೆಂಟರ ಆ ಕೃಶಾಂಗಿಯ ಬಿಳಿ ಕೋಟಿನ ಎರಡೂ ಜೇಬುಗಳಲ್ಲಿ ಕರವಸ್ತ್ರಗಳು ಉಬ್ಬಿಕೊಂಡಿರುತ್ತಿದ್ದವು. ಜಗತ್ತಿನ ಅಂಗಳಗಳಿಗೆಲ್ಲ ಹುಲ್ಲಿನ ಬೀಜ ಬೆಳೆದುಕೊಡುವ ಊರು ನಮ್ಮದು. ಅನ್ನ ಕೊಡುವ ಹುಲ್ಲೇ ನಮ್ಮ ಮೂಗಿನ ವೈರಿ. ಆರ್ಡಿತ್‌ರಿಗೂ ವಿನಾಯಿತಿ ಇರಲಿಲ್ಲ. ಏಪ್ರಿಲ್ ಕೊನೆಯಿಂದಲೇ, ಹೂಪರಾಗ ಹಾರುವ ಮುನ್ನವೇ, ಮಂಪರು ಬಾರದ ಹೊಸ ಬಗೆಯ ಮಾತ್ರೆಯನ್ನು ದಿನಕ್ಕೊಂದೇ ಎಂದು ವ್ರತದಂತೆ ನುಂಗುತ್ತಿದ್ದರೂ, ಜೂನ್ ಬಂತೆಂದರೆ ಒಂದೇ ಉಸಿರಿಗೆ ಏಳು ಸೀನು. ಓಡಿಸುವುದರ ಮೇಲೆ ಇವರಿಗೇಕೆ ಇಷ್ಟು ಕಣ್ಣು ಎಂಬ ಕುತೂಹಲ ನನ್ನನ್ನು ವರ್ಷಗಟ್ಟಲೆ ಕೊರೆದಿತ್ತು. ಕೊನೆಗೊಮ್ಮೆ ಕೇಳಿಯೇಬಿಟ್ಟೆ.

"ರೋಗ ಮೂಗಿಂದು, ಆದ್ರೆ ಮಾತ್ರೆ ತಲೆಗೂ ಹೋಗುತ್ತಲ್ಲಪ್ಪ," ಎಂದರು. ಅಷ್ಟೇ. ಬೇರೆ ಕಥೆಯನ್ನು ನಿರೀಕ್ಷಿಸಿದ್ದ ನನಗೆ ನಿಜಕ್ಕೂ ನಿರಾಸೆಯಾಯಿತು.

ಕೊಯ್ಲಿನ ವಾರಗಳಲ್ಲಿ ಅವರು ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆಯುತ್ತಿದ್ದರು. ಹುಲ್ಲನ್ನು ಇಬ್ಬನಿಯಿರುವಾಗಲೇ ಕೊಯ್ಯಬೇಕು. ಒಣಗಿದ ತೆನೆಗೆ ಯಂತ್ರ ತಾಗಿದರೆ ಬೀಜವೆಲ್ಲ ಮಣ್ಣುಪಾಲು. ಬೀಜ ಶುದ್ಧಿ ಮಾಡುವ ಗೋದಾಮಿನ ಕೆಲಸಕ್ಕೆ ಹೊರಟಿದ್ದ ನಾನು ಜುಲೈನ ಅಂಥದೊಂದು ಬೆಳಿಗ್ಗೆ ಅಂಗಡಿಯಲ್ಲಿದ್ದಾಗ, ರೈತ ವೆಂಡೆಲ್ ಗಿಂಗ್ರಿಚ್ ಕೆಂಗಣ್ಣು ಉಜ್ಜುತ್ತ, ಆಕಳಿಸುತ್ತ ಒಳಗೆ ಬಂದ.

"ಏನು ಓಡಿಸ್ತೀಯ?"

"ಇನ್ನೇನು, ಕೊಯ್ಲಿನ ಯಂತ್ರ. ಬೇಗ ಏನಾದ್ರೂ ಕೊಡಿ ಆರ್ಡಿತ್. ಸೀನು ನಿಲ್ತಾನೇ ಇಲ್ಲ."

"ಈಗಾಗ್ಲೇ ಏನು ನುಂಗಿದ್ದೀಯ?"

ವೆಂಡೆಲ್ ಜೇಬಿನಿಂದ ಎರಡು ಪೆಟ್ಟಿಗೆ ತೆಗೆದ. ಒಂದು ಸೀನಿಗೆ, ಇನ್ನೊಂದು ನೆಗಡಿಗೆ. "ಒಂದಕ್ಕೆ ಬಗ್ಗಲಿಲ್ಲ. ಅದಕ್ಕೇ ಇದನ್ನೂ ಹಾಕ್ಕೊಂಡೆ."

ಆರ್ಡಿತ್ ಎರಡನ್ನೂ ಬೆನ್ನು ಮೇಲಾಗಿ ಇಟ್ಟರು. "ಓದು." ಓದುತ್ತಾ ಹೋದವನು ಎರಡನೆಯದರಲ್ಲೂ ಅದೇ ಹೆಸರು ಕಂಡು ಮೊದಲನೆಯದನ್ನು ಮತ್ತೆ ಎತ್ತಿಕೊಂಡ. "ಹೆಸರು ಬೇರೆ, ಬಣ್ಣ ಬೇರೆ, ಒಳಗಿರೋದು ಒಂದೇ ಮದ್ದು ಕಣಪ್ಪ. ನಿದ್ದೆ ಬರಿಸೋ ಹಳೇ ಮದ್ದು. ಡಬಲ್ ಆಗಿದೆ. ಯಂತ್ರದ ಕೀಲಿ ಕೊಡು," ಎಂದರು ಆರ್ಡಿತ್.

"ತಮಾಷೆ ಮಾಡ್ತೀರಾ? ಮಧ್ಯಾಹ್ನಕ್ಕೆ ಮೂಡಣದ ಒಣ ಗಾಳಿ ಬೀಸುತ್ತೆ ಅಂತ ರೇಡಿಯೋದಲ್ಲಿ ಹೇಳಿದ್ದಾರೆ. ನಲವತ್ತು ಎಕರೆ! ಉದುರಿದ ಬೀಜ ನೀವು ಬಂದು ಆರಿಸಿ ಕೊಡ್ತೀರಾ?"

ತಮ್ಮ ಏಳು ಸೀನು ಮುಗಿಯುವವರೆಗೂ ಚಾಚಿದ ಕೈಯನ್ನು ಆರ್ಡಿತ್ ಹಿಂತೆಗೆಯಲಿಲ್ಲ. "ಆರಿಸೋಕಾಗಲ್ಲ. ಕೊಯ್ಯೋಕಾಗುತ್ತೆ. ನಾನೂ ಹುಲ್ಲು ಬೆಳೆಯೋರ ಮಗಳೇ."

ಮದ್ದು ಹೆಚ್ಚಾಗಿ ನುಂಗಿದವರಿಗೆ ಸಲಹೆ ಕೊಡುವ ವಿಷದ ಸಹಾಯವಾಣಿಗೆ ಫೋನಾಯಿಸಿದರು; ಜೀವಕ್ಕೆ ಭಯವಿಲ್ಲ, ಆದರೆ ಏನನ್ನೂ ಓಡಿಸಕೂಡದು, ಯಾರಾದರೂ ಜೊತೆಗಿರಲಿ ಎಂದರಂತೆ. ಆ 'ಯಾರಾದರೂ' ನಾನಾದೆ. ಬೈಯುತ್ತಲೇ ಕೀಲಿ ಒಪ್ಪಿಸಿದ ವೆಂಡೆಲ್, ಹತ್ತು ನಿಮಿಷದಲ್ಲಿ ಅಂಗಡಿಯ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆಹೋದ. ಅವನ ಹೊಲದ ಒಂದು ಬದಿಗೆ ಉದ್ದಕ್ಕೂ ಆಳವಾದ ಕಾಲುವೆಯಿದೆ. ಈ ಗೊರಕೆ ಅದರ ಅಂಚಿನಲ್ಲಿ, ಯಂತ್ರ ಓಡಿಸುವಾಗ ಬಂದಿದ್ದರೆ?

ಕೀಲಿ ಹಿಡಿದು ಅವನ ಹೊಲಕ್ಕೆ ಹೋದ ಆರ್ಡಿತ್ ಇಬ್ಬನಿ ಆರುವುದರೊಳಗೆ ಇಪ್ಪತ್ತಾರು ಎಕರೆ ಕೊಯ್ದರು. ಉಳಿದ ಹದಿನಾಲ್ಕು ಎಕರೆಯನ್ನು ಗಾಳಿ ಉದುರಿಸಿತು. ಹುಲ್ಲಿನ ಧೂಳಿಗೆ ಮುಖವೆಲ್ಲ ಊದಿ ಮರಳಿದ ಅವರ ಕಡೆ ವೆಂಡೆಲ್ ತಿರುಗಿಯೂ ನೋಡಲಿಲ್ಲ. ಆ ಬೇಸಿಗೆಯಿಡೀ ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ, "ಹದಿನಾಲ್ಕು ಎಕರೆ ಕಳೆದ್ಲು ಆ ಮುದುಕಿ," ಎಂದು ದೂರುತ್ತಿದ್ದ. ಅಯ್ಯೋ, ನೀವಾದರೂ ಹೇಳಬಾರದೇ ನಡೆದದ್ದನ್ನು ಎಂದು ನಾನು ಸಿಡಿಮಿಡಿಗೊಂಡರೆ ಆರ್ಡಿತ್ ಮೂಗೊರೆಸಿಕೊಂಡು, "ಹೇಳಲಿ ಬಿಡು, ಹೇಳೋಕೆ ಅವನು ಉಳಿದಿದ್ದಾನಲ್ಲ," ಎಂದುಬಿಟ್ಟರು.

ಇಂಥವರನ್ನು ಊರು ಕೊಂಡಾಡುವುದು ಅಪರೂಪ. ಅವರು ತಪ್ಪಿಸಿದ ಅನಾಹುತಕ್ಕೆ ಗುರುತೇ ಇರುವುದಿಲ್ಲ. ಉದುರಿದ ಬೀಜ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.