ರುಸ್ಲಾನಾಳ ಸೌಟು ಮತ್ತು ಅರವತ್ತು ಲಕ್ಷ ಕಣ್ಣುಗಳು

ಹೇಗೆ ಶುರು ಮಾಡಲಿ, ನೀವೇ ಹೇಳಿ. ‘ನೀರಿನೊಳಗೆ ಮಹಾಮೌನ’ ಎಂದು ಬರೆದಿದ್ದೆ. ಕೆಳಗಿನ ಮನೆಯ ರುಸ್ಲಾನಾ ಓದಿ ನಕ್ಕುಬಿಟ್ಟಳು.

“ಯಾವ ಮೌನ ಮಾರಾಯಾ? ನೀರೊಳಗೆ ಎಲ್ಲಾ ಕೇಳ್ಸುತ್ತೆ. ಮೂಗಿಗೆ ಕ್ಲಿಪ್ ಹಾಕ್ಕೊಂಡು ಒಂದ್ಸಲ ಮುಳುಗಿ ಬಾ, ಆಮೇಲೆ ಬರಿ.”

ಹರಿದು ಹಾಕಿದೆ. (ಕಥೆಗಾರನಿಗೆ ಈಜು ಬಾರದು. ನಿಮ್ಮಲ್ಲೇ ಇರಲಿ.)

೧

ಸರಿ, ನಡೆದದ್ದನ್ನೇ ಹೇಳುತ್ತೇನೆ. ರುಸ್ಲಾನಾ ಒಂದು ಕಾಲಕ್ಕೆ ದೇಶದ ತಂಡದಲ್ಲಿ, ಹಾಡಿಗೆ ತಕ್ಕಂತೆ ನೀರಿನಲ್ಲಿ ನರ್ತಿಸುತ್ತಿದ್ದವಳು. ನಿವೃತ್ತಿಯಾಗಿ ಎಷ್ಟೋ ವರ್ಷ. ಈಗ ನಲವತ್ತಾರು, ನಮ್ಮ ಹಾರ್ಕಿವ್ ನಗರದಲ್ಲೇ ಎಂಟು ಹುಡುಗಿಯರಿಗೆ ಅದನ್ನೇ ಕಲಿಸುತ್ತಾಳೆ.

ಚಳಿಗಾಲದ ಪ್ರದರ್ಶನದ ನಟ್ಟನಡುವೆ ಕರೆಂಟ್ ಹೋಯಿತು. ಹಾಡು ನಿಂತಿತು. ಹುಡುಗಿಯರು ನೀರಿನೊಳಗೆ ತಲೆಕೆಳಗಾಗಿದ್ದರು. ರುಸ್ಲಾನಾ ಅಭ್ಯಾಸದಲ್ಲಿ ತಾಳ ಹಾಕುವ ಸೌಟನ್ನು ಚೀಲದಿಂದ ತೆಗೆದು ಈಜುಕೊಳದೊಳಕ್ಕೆ ಇಳಿದಿದ್ದ ಕಬ್ಬಿಣದ ಏಣಿಗೆ ಬಡಿದಳು: ಟಣ್, ಟಣ್, ಟಣ್. ಆ ತಾಳ ಹಿಡಿದು ಹುಡುಗಿಯರು ಒಂದು ಪಟ್ಟೂ ತಪ್ಪದೆ ಕೊನೆ ಮುಟ್ಟಿಸಿದರು.

ನಾನು ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದೆ. (ಸೊಟ್ಟಗೆ ಹಿಡಿದಿದ್ದೆ. ಅದನ್ನೂ ಕಲೆ ಎಂದರು.)

೨

ಮೂವತ್ತು ಲಕ್ಷ ಜನ ನೋಡಿದರು. ಯಾರೋ ಅವಳ ಹಳೆಯ ಫೋಟೋ ಹುಡುಕಿ ತೆಗೆದರು. ‘ಜಲರಾಣಿ’ ಎಂದರು. ಬ್ರೆಜಿಲ್‌ನಿಂದ ಮದುವೆಯ ಪ್ರಸ್ತಾಪ ಬಂತು. ಎರಡು ದಿನ ಅವಳೂ ವರೇನಿಕಿ ಕಡುಬು ತಿನ್ನುತ್ತಾ ಕಾಮೆಂಟುಗಳನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದಳು. ಮೂರನೆಯ ದಿನ ಫೋನನ್ನು ಮೇಜಿಗೆ ಬೋರಲು ಹಾಕಿದಳು.

“ಎಲ್ರೂ ನನ್ನ ಸೊಂಟ ಅಳೆದಿದಾರೆ ಕಣೋ ಒಸ್ತಾಪ್. ಹುಡುಗೀರು ಎಷ್ಟು ಜನ ಅಂತ ಒಬ್ಬನೂ ಎಣಿಸಿಲ್ಲ.”

೩

ವಸಂತದ ಪ್ರದರ್ಶನಕ್ಕೆ ಗ್ಯಾಲರಿ ತುಂಬಿತು. ಎಲ್ಲ ಫೋನುಗಳೂ ರುಸ್ಲಾನಾಳ ಕಡೆಗೇ. ಅವಳೊಬ್ಬಳೇ ನೀರಿಗಿಳಿಯಲಿ ಎಂದು ಸಂಘಟಕರು ಕೇಳಿದ್ದರು, ಒಲ್ಲೆ ಎಂದಿದ್ದಳು. ಅಂದು ಬೆಳಿಗ್ಗೆಯೇ ಎಂಟರಲ್ಲೊಬ್ಬಳಾದ ಸೊಲೋಮಿಯಾಳ ಪಾದ ಉಳುಕಿತು.

(ಇಲ್ಲಿ ನಾನು ಬರೆದಿದ್ದ ಅಂತ್ಯ: ರುಸ್ಲಾನಾ ಒಂಟಿಯಾಗಿ ಧುಮುಕುತ್ತಾಳೆ, ಜಗತ್ತು ಎದ್ದು ನಿಲ್ಲುತ್ತದೆ. “ಸಿನಿಮಾ ತೆಗೀತಿದೀಯಾ?” ಎಂದು ಅವಳೇ ಗೀಟು ಹಾಕಿದಳು.)

ನಡೆದದ್ದು ಇಷ್ಟು. ಅವಳು ಹುಡುಗಿಯರಂತೆಯೇ ಕೂದಲು ನೀರಿನಲ್ಲಿ ಕೆದರದಂತೆ ಜೆಲಟಿನ್ ಅಂಟು ಬಳಿದು, ಅವರದೇ ಉಡುಪು ತೊಟ್ಟು, ಖಾಲಿ ಬಿದ್ದ ಎಂಟನೆಯ ಜಾಗಕ್ಕೆ ಇಳಿದಳು. ಎಲ್ಲರೂ ಮುಳುಗಿದರು, ಒಳಗೊಳಗೇ ಜಾಗ ಬದಲಿಸಿದರು. ಹದಿನಾರು ಕಾಲುಗಳು ಒಟ್ಟಿಗೆ ಮೇಲೆದ್ದವು. ಫೋನುಗಳು ಅತ್ತಿತ್ತ ತಡಕಾಡಿದವು.

ಪಾದಕ್ಕೆ ಪಟ್ಟಿ ಸುತ್ತಿಕೊಂಡು ನನ್ನ ಪಕ್ಕ ಕೂತಿದ್ದ ಸೊಲೋಮಿಯಾಳನ್ನೇ ಕೇಳಿದೆ, “ಇವರಲ್ಲಿ ನಿಮ್ಮ ಟೀಚರ್ ಯಾರಮ್ಮಾ?”

“ಗೊತ್ತಾಗ್ತಿಲ್ಲ ಮಾಮ.” ಕಣ್ಣೊರೆಸಿಕೊಂಡು ಗದ್ದ ಎತ್ತಿದಳು. “ಗೊತ್ತಾಗ್ಬಾರ್ದು. ಅದಕ್ಕೇ ತಾನೇ ನಾವು ಇಷ್ಟು ವರ್ಷ ಬೈಸ್ಕೊಂಡಿದ್ದು.”

೪

ಎಡದಿಂದ ಮೂರನೆಯವಳೇ ರುಸ್ಲಾನಾ ಎಂದು ಬರೆದು ಮುಗಿಸಿದ್ದೆ. ಅವಳು ಹೊಡೆದು ಹಾಕಿದಳು. ಐದನೆಯವಳು ಎಂದೆ. ಅದನ್ನೂ ಹೊಡೆದು ಹಾಕಿದಳು. ಜನ ಈಗಲೂ ವಸಂತದ ಆ ಪ್ರದರ್ಶನದ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುತ್ತಾ ಜಗಳವಾಡುತ್ತಿದ್ದಾರೆ. ಉತ್ತರ ಬೇಕಾದರೆ ನೀವೂ ಹುಡುಕಿ. ಆದರೆ ಎಂಟೂ ಜನರನ್ನು ಒಬ್ಬೊಬ್ಬರಾಗಿ, ಕಣ್ಣಿಟ್ಟು ನೋಡಬೇಕಾಗುತ್ತದೆ.